ಹಿಂದಿನ ಸಾಲಿನ ದನಿ: ಹಾಡಿನ ಮಿಕ್ಸಿಂಗ್ ಮನೆಗೆ ಬಂದ ಚರಿತ್ರೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಮಿತಿಯವರು ನನಗೆ ಎರಡು ಕೆಲಸ ಒಪ್ಪಿಸಿದರು. ಈಗಿನ ಮಕ್ಕಳಿಂದ ಶಾಲೆಯ ಹಾಡನ್ನು ಹಾಡಿಸಿ ಧ್ವನಿಮುದ್ರಿಸಿ ಕೊಡುವುದು ಒಂದು, ಈ ಸ್ಮರಣ ಸಂಚಿಕೆಗೆ ಲೇಖನ ಬರೆಯುವುದು ಇನ್ನೊಂದು. ಮೊದಲನೆಯದು ನನ್ನ ಕಸುಬೇ ಆದ್ದರಿಂದ ತಕ್ಷಣ ಒಪ್ಪಿದೆ. ಎರಡನೆಯದಕ್ಕೆ ಹಿಂಜರಿದೆ. ಆಗ ಮುಖ್ಯೋಪಾಧ್ಯಾಯರು ಕಚೇರಿಯ ಬೀರು ತೆಗೆದು, ಹಾಜರಿ ಪುಸ್ತಕಗಳ ಹಿಂದೆ ಬಿದ್ದಿದ್ದ ಒಂದು ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು. ಅದರ ಮೇಲೆ ನಮ್ಮ ಡ್ರಿಲ್ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ‘ಸಾಮೂಹಿಕ ಗಾಯನ, 10ನೇ ತರಗತಿ’ ಎಂದು ಬರೆದಿತ್ತು. 1980ರ ದಶಕದ ಕೊನೆಯಲ್ಲಿ ಮುದ್ರಿಸಿದ ಆ ಹಾಡಿನಲ್ಲಿ ನಾನೂ ಇದ್ದೇನೆ. ಬರೆಯಲು ವಿಷಯ ಸಿಕ್ಕಿತು.

ನಾನು ಮನೆಯ ಒಂದು ಕೋಣೆಯಲ್ಲಿ ಕುಳಿತು ಹಾಡುಗಳನ್ನು ಮಿಕ್ಸ್ ಮಾಡುತ್ತೇನೆ. ಊರಿಗೆ ಬಂದಾಗ ಅರಳಿಕಟ್ಟೆಯ ಹಿರಿಯರು, “ಹಾಡನ್ನ ಮಿಕ್ಸಿಗೆ ಹಾಕಿ ರುಬ್ತೀಯೇನಪ್ಪಾ?” ಎಂದು ನಗುತ್ತಾರೆ. ಈ ಲೇಖನ ಅವರಿಗೂ ಉತ್ತರವಾಗಲಿ. ಹಾಡುಗಾರರ ದನಿ, ಹಾರ್ಮೋನಿಯಂ, ತಬಲ, ತಾಳ ಇವುಗಳನ್ನು ಬೇರೆ ಬೇರೆಯಾಗಿ ಮುದ್ರಿಸಿಕೊಂಡು, ಯಾವುದು ಮುಂದೆ ಕೇಳಬೇಕು, ಯಾವುದು ಹಿಂದೆ, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ಹೊಂದಿಸಿ ಒಂದೇ ಹಾಡಾಗಿ ಮಾಡುವುದೇ ಮಿಕ್ಸಿಂಗ್. ಸುಮ್ಮನೆ ಹೇಳುವುದಾದರೆ, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನ. ಆ ತೀರ್ಮಾನ ದೊಡ್ಡ ಕಂಪನಿಗಳ ಕೈಯಿಂದ ನಮ್ಮಂಥವರ ಮನೆಗೆ ಬಂದು ತಲುಪಲು ಸುಮಾರು 100 ವರ್ಷ ಹಿಡಿಯಿತು.

ತುತ್ತೂರಿಯ ಮುಂದೆ

ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದ್ದನ್ನು ನಾವು ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ನಮ್ಮ ದೇಶದಲ್ಲಿ ಗ್ರಾಮಫೋನ್ ಕಂಪನಿಯ ಪರವಾಗಿ ಮೊದಲ ದೊಡ್ಡ ಮುದ್ರಣ ನಡೆಸಿದವರು ಫ್ರೆಡ್ ಗೈಸ್‌ಬರ್ಗ್. 1902ರಲ್ಲಿ ಕಲ್ಕತ್ತೆಗೆ ಬಂದ ಅವರು ಹೋಟೆಲಿನ ಕೋಣೆಯನ್ನೇ ಮುದ್ರಣಾಲಯ ಮಾಡಿಕೊಂಡರು. ಅಲ್ಲಿ ಹಾಡಿದವರಲ್ಲಿ ಗೌಹರ್ ಜಾನ್ ಪ್ರಸಿದ್ಧರು. ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು 3 ನಿಮಿಷ ಮಾತ್ರ ಜಾಗ. ಅಷ್ಟರಲ್ಲೇ ರಾಗವನ್ನು ಮುಗಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಮುದ್ರಿಸಿದ ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರ್‌ಗೆ ಹಡಗಿನಲ್ಲಿ ಹೋಗಿ, ಅಲ್ಲಿ ಅಚ್ಚಾಗಿ ಮರಳಿ ಬರುತ್ತಿದ್ದವು. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆಗ ಮೈಕ್ ಇರಲಿಲ್ಲ. ಒಂದು ದೊಡ್ಡ ತುತ್ತೂರಿಯಂಥ ಕೊಳವೆ, ಅದರ ತುದಿಯಲ್ಲಿ ನಡುಗುವ ಒಂದು ತೆಳು ಹಾಳೆ, ಅದಕ್ಕೆ ಕಟ್ಟಿದ ಸೂಜಿ. ದನಿಯ ಬಲದಿಂದಲೇ ಮೇಣದಲ್ಲಿ ಗೀರು ಬೀಳಬೇಕು. ಮಿಕ್ಸಿಂಗ್ ಎಂಬ ಮಾತು ಬಳಕೆಗೆ ಬರುವ ಮೊದಲೇ ಅದರ ಕೆಲಸ ಮಾತ್ರ ನಡೆದಿತ್ತು. ಹಾಡುವವರು ಕೊಳವೆಗೆ ಮುಖವಿಟ್ಟು ನಿಲ್ಲಬೇಕು. ಜೋರಾದ ಕಹಳೆಯವರು ಕೋಣೆಯ ಹಿಂಬದಿಗೆ ಸರಿಯಬೇಕು. ಪಿಟೀಲಿನ ಸಣ್ಣ ದನಿ ಸಾಲುತ್ತಿರಲಿಲ್ಲವೆಂದು ಅದಕ್ಕೇ ಒಂದು ಲೋಹದ ತುತ್ತೂರಿ ಜೋಡಿಸಿದ ಸ್ಟ್ರೋ ಪಿಟೀಲು ಬಂತು. ಹೆಚ್ಚು ಕಡಿಮೆ ಮಾಡಲು ತಿರುಪು ಇರಲಿಲ್ಲವಾದ್ದರಿಂದ ಮನುಷ್ಯರನ್ನೇ ಹಿಂದೆ ಮುಂದೆ ಸರಿಸುತ್ತಿದ್ದರು.

ಈ ಸಂಗತಿ ಓದಿದಾಗ ನನಗೆ ನೆನಪಾದದ್ದು ನಮ್ಮ ಡ್ರಿಲ್ ಮೇಷ್ಟ್ರು. ನಮ್ಮ ಶಾಲೆಗೆ ಸಂಗೀತದ ಮೇಷ್ಟ್ರು ಇರಲಿಲ್ಲ. ಸಾಮೂಹಿಕ ಗಾಯನ ಕಲಿಸುವುದೂ ಸೀಟಿ ಊದುವವರ ಪಾಲಿಗೇ ಬಂದಿತ್ತು. ತಾಲ್ಲೂಕು ಮಟ್ಟದ ಸ್ಪರ್ಧೆಗೆ ಮೊದಲು, ನಾವು ಹಾಡುವುದು ನಮಗೇ ಕೇಳಲಿ ಎಂದು ಅವರು ಯಾರದೋ ಮನೆಯಿಂದ ಟೇಪ್ ರೆಕಾರ್ಡರ್ ತಂದು ಮೇಜಿನ ಮೇಲಿಟ್ಟರು. ಅದರ ಹೊಟ್ಟೆಯೊಳಗೆ ಒಂದೇ ಒಂದು ಪುಟ್ಟ ಮೈಕ್. ಮೇಷ್ಟ್ರು ಒಂದು ಸಾರಿ ಹಾಡಿಸಿ ಕೇಳಿದರು, ತಲೆಯಾಡಿಸಿದರು. ಮೆಲ್ಲಗೆ ಹಾಡುವವರನ್ನು ಮುಂದಿನ ಸಾಲಿಗೆ ಕರೆದರು. ಕಿರುಚುವ ನಮ್ಮನ್ನು ಕಿಟಕಿಯ ಕಡೆಗೆ ಅಟ್ಟಿದರು. ತರಗತಿಯಲ್ಲೇ ದೊಡ್ಡ ಕಂಠವಿದ್ದ ಒಬ್ಬ ಹುಡುಗಿಯನ್ನು ಕೊನೆಯ ಸಾಲಿನ ಕೊನೆಗೆ, ಬಾಗಿಲ ಹತ್ತಿರ ನಿಲ್ಲಿಸಿದರು. ಅವಳಿಗೆ ಅಳುವೇ ಬಂತು. ಚೆನ್ನಾಗಿ ಹಾಡುವವಳನ್ನು ಹಿಂದಕ್ಕೆ ಕಳಿಸಿದ್ದು ಶಿಕ್ಷೆಯೆಂದೇ ನಾವೆಲ್ಲ ತಿಳಿದೆವು. ಗೈಸ್‌ಬರ್ಗ್ ಮಾಡಿದ್ದನ್ನೇ ನಮ್ಮ ಮೇಷ್ಟ್ರು ಮಾಡಿದ್ದರು ಎಂದು ಅರ್ಥವಾಗಲು ನನಗೆ 20 ವರ್ಷ ಬೇಕಾಯಿತು.

ಮೈಕ್ ಬಂತು, ಟೇಪ್ ಬಂತು

1925ರಲ್ಲಿ ವಿದ್ಯುತ್ ಮೈಕಿನಿಂದ ಮುದ್ರಿಸುವ ಪದ್ಧತಿ ಶುರುವಾಯಿತು. ಪಿಸುಮಾತಿನಷ್ಟು ಮೆಲ್ಲಗೆ ಹಾಡುವವರೂ ಈಗ ತಟ್ಟೆಯ ಮೇಲೆ ಬರಬಹುದಾಯಿತು. ಎರಡು ಮೂರು ಮೈಕ್ ಇಟ್ಟು ಒಂದೊಂದರ ಬಲವನ್ನು ತಿರುಪಿನಿಂದ ಹೆಚ್ಚಿಸುವ, ತಗ್ಗಿಸುವ ಅನುಕೂಲವೂ ಬಂತು. ಆದರೆ ಎಲ್ಲರೂ ಒಟ್ಟಿಗೆ ಹಾಡಬೇಕು, ಒಂದೇ ಸಾರಿಗೆ ಮುಗಿಯಬೇಕು. ಉಪಕರಣಗಳೆಲ್ಲ ಕಂಪನಿಯವು ಇಲ್ಲವೇ ಸರ್ಕಾರದವು.

ಇಂಥ ಕಾಲದಲ್ಲಿ ನಮ್ಮ ನಾಡಿನಲ್ಲೇ ಒಬ್ಬರು ಮನೆಯಿಂದ ದನಿ ಹರಿಸಿದ್ದನ್ನು ಇಲ್ಲಿ ಹೇಳಲೇಬೇಕು. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ರೇಡಿಯೋ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅದಕ್ಕೇ ಇದ್ದದ್ದು, ಆಮೇಲೆ ದೇಶಕ್ಕೆಲ್ಲ ಆಯಿತು. ಅದು ಪ್ರಸಾರದ ಕಥೆ, ಮಿಕ್ಸಿಂಗಿನದಲ್ಲ. ಆದರೂ ಸ್ವಂತ ಮನೆಯ ಕೋಣೆಯಿಂದ ಊರಿಗೆಲ್ಲ ದನಿ ಮುಟ್ಟಿಸಬಹುದು ಎಂದು ಮೈಸೂರಿನ ಒಬ್ಬ ಮೇಷ್ಟ್ರು ಅಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು.

ಮುದ್ರಣವನ್ನು ಮನೆಗೆ ತಂದವರಲ್ಲಿ ಮೊದಲು ಹೇಳಬೇಕಾದ ಹೆಸರು ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಅವರದು. ಹಾಲಿವುಡ್‌ನ ತಮ್ಮ ಮನೆಯ ಗ್ಯಾರೇಜಿನಲ್ಲಿ ತಟ್ಟೆ ಕೊರೆಯುವ ಯಂತ್ರ ಕಟ್ಟಿಕೊಂಡಿದ್ದ ಅವರು ಮೊದಲು ಒಂದು ಗಿಟಾರ್ ನುಡಿಸಿ ಮುದ್ರಿಸುತ್ತಿದ್ದರು. ಆ ತಟ್ಟೆಯನ್ನು ಹಾಕಿ, ಅದರ ಜೊತೆಗೆ ಇನ್ನೊಂದು ಗಿಟಾರ್ ನುಡಿಸಿ, ಎರಡನ್ನೂ ಸೇರಿಸಿ ಮತ್ತೊಂದು ತಟ್ಟೆಗೆ ಇಳಿಸುತ್ತಿದ್ದರು. ಹೀಗೆ ಪದರದ ಮೇಲೆ ಪದರ. 1948ರಲ್ಲಿ ಬಂದ ‘ಲವರ್’ ಎಂಬ ತಟ್ಟೆಯಲ್ಲಿ ಅವರೊಬ್ಬರೇ 8 ಗಿಟಾರುಗಳಾಗಿ ಕೇಳಿಸುತ್ತಾರೆ. ಇದರ ಕಷ್ಟ ನೋಡಿ: ಒಮ್ಮೆ ಸೇರಿದ್ದು ಸೇರಿದಂತೆಯೇ. ಮೂರನೆಯ ಗಿಟಾರ್ ಜೋರಾಯಿತೆಂದು ಏಳನೆಯ ಪದರದಲ್ಲಿ ಗೊತ್ತಾದರೆ, ಮತ್ತೆ ಹಿಂದಕ್ಕೆ ಹೋಗಿ ಅಲ್ಲಿಂದಲೇ ಶುರು ಮಾಡಬೇಕು.

ಅಷ್ಟರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದ ಟೇಪ್ ಯಂತ್ರ ಎರಡನೆಯ ಮಹಾಯುದ್ಧದ ನಂತರ ಅಮೆರಿಕಕ್ಕೆ ಬಂತು. ಗಾಯಕ ಬಿಂಗ್ ಕ್ರಾಸ್ಬಿ ಅಂಥದೊಂದು ಆಂಪೆಕ್ಸ್ ಯಂತ್ರವನ್ನು ಲೆಸ್ ಪಾಲ್ ಅವರಿಗೆ ಕೊಟ್ಟರು. ಲೆಸ್ ಪಾಲ್ ಮತ್ತು ಅವರ ಪತ್ನಿ ಮೇರಿ ಫೋರ್ಡ್ ನ್ಯೂಯಾರ್ಕಿನ ತಮ್ಮ ಮನೆಯಲ್ಲೇ ಮುದ್ರಿಸಿದ ‘ಹೌ ಹೈ ದಿ ಮೂನ್’ 1951ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 9 ವಾರ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಮೇರಿ ಫೋರ್ಡ್ ಒಬ್ಬರೇ ಒಂದು ಗುಂಪಾಗಿ ಹಾಡುತ್ತಾರೆ.

1957ರಲ್ಲಿ ಆಂಪೆಕ್ಸ್ ಕಂಪನಿ 8 ಟ್ರ್ಯಾಕಿನ ಯಂತ್ರ ಮಾಡಿ ಮೊದಲನೆಯದನ್ನು ಲೆಸ್ ಪಾಲ್ ಅವರಿಗೇ ಮಾರಿತು. ಒಂದೇ ಅಗಲ ಟೇಪಿನ ಮೇಲೆ ಅಕ್ಕಪಕ್ಕ 8 ಗೀರು, ಒಂದೊಂದರಲ್ಲಿ ಒಂದೊಂದು ದನಿ. ಹೊಲದಲ್ಲಿ ಅಕ್ಕಡಿ ಸಾಲು ಹಾಕಿದಂತೆ ರಾಗಿಯ ಸಾಲು ರಾಗಿಗೆ, ಅವರೆಯ ಸಾಲು ಅವರೆಗೆ. ಯಾರು ಮುಂದೆ, ಯಾರು ಹಿಂದೆ ಎಂಬ ತೀರ್ಮಾನವನ್ನು ಹಾಡುವಾಗಲೇ ಮಾಡಬೇಕಾಗಿಲ್ಲ. ಎಲ್ಲರೂ ಮನೆಗೆ ಹೋದ ಮೇಲೆ ನಿಧಾನವಾಗಿ ಕುಳಿತು ಮಾಡಬಹುದು. ಇಂದಿನ ಅರ್ಥದ ಮಿಕ್ಸಿಂಗ್ ಇಲ್ಲಿಂದ ಬೆಳೆಯಿತು.

ಲಂಡನ್ನಿನಲ್ಲಿ ಜೋ ಮೀಕ್ ಎಂಬುವರು ಹಾಲೋವೇ ರಸ್ತೆಯ ಚರ್ಮದ ಸಾಮಾನಿನ ಅಂಗಡಿಯ ಮೇಲಿನ ಬಾಡಿಗೆ ಮನೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಅಲ್ಲಿ ತಯಾರಾದ ‘ಟೆಲ್‌ಸ್ಟಾರ್’ 1962ರಲ್ಲಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಏರಿತು. ಆದರೂ ಇವೆಲ್ಲ ಒಬ್ಬಿಬ್ಬರ ಸಾಹಸ. ಆ ಯಂತ್ರಗಳ ಬೆಲೆ ಸಾಮಾನ್ಯರಿಗೆ ಎಟುಕುವಂತಿರಲಿಲ್ಲ.

ಸಂತೆಯ ಕ್ಯಾಸೆಟ್

ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಿತು. ಕರ್ನಾಟಕದಲ್ಲಿ ಅದರ ಪ್ರಭಾವ ನಮ್ಮ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ ಆಗಿ ಬಂದು ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿತು. ಕನ್ನಡ ಸಿನಿಮಾ ಹಾಡುಗಳಿಗೆ ಬಹುಕಾಲ ಮದರಾಸಿಗೇ ಹೋಗಬೇಕಿತ್ತು. ಶಂಕರ್ ನಾಗ್ ಅವರು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಸ್ಟುಡಿಯೋ ಕಟ್ಟಿದಾಗ ಆ ದಾರಿ ಹತ್ತಿರವಾಯಿತು.

ನಾವು ಸಂತೆಯಲ್ಲಿ ಕೊಂಡು ಹಾಡು ಕೇಳುತ್ತಿದ್ದ ಅದೇ ಜಾತಿಯ ಕ್ಯಾಸೆಟ್ಟಿನಿಂದಲೇ ಮಿಕ್ಸಿಂಗ್ ಸಾಮಾನ್ಯರ ಮನೆಗೆ ಬಂದದ್ದು. ಮಾಮೂಲಿ ಕ್ಯಾಸೆಟ್ಟಿನ ಟೇಪಿನಲ್ಲಿ 4 ಗೀರುಗಳಿರುತ್ತವೆ, ಆ ಮಗ್ಗುಲಿಗೆ ಎರಡು, ಈ ಮಗ್ಗುಲಿಗೆ ಎರಡು. ಜಪಾನಿನ ಟೀಯಾಕ್ ಕಂಪನಿ 1979ರಲ್ಲಿ ತಂದ ‘ಪೋರ್ಟಾಸ್ಟುಡಿಯೋ’ ಆ ನಾಲ್ಕನ್ನೂ ಒಂದೇ ದಿಕ್ಕಿಗೆ, ಎರಡರಷ್ಟು ವೇಗದಲ್ಲಿ ಓಡಿಸಿತು. ಮೇಜಿನ ಮೇಲೆ ಕೂರುವ ಒಂದು ಪೆಟ್ಟಿಗೆಯಲ್ಲಿ 4 ಟ್ರ್ಯಾಕ್ ಮತ್ತು ಅದಕ್ಕೊಂದು ಮಿಕ್ಸರ್. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಮನೆಯಲ್ಲಿ ಕುಳಿತು ಇದರಲ್ಲಿ ಹಾಡುಗಳನ್ನು ಮುದ್ರಿಸಿದರು. ಅದು ವಾದ್ಯವೃಂದದವರಿಗೆ ಕೇಳಿಸಲು ಮಾಡಿಕೊಂಡ ಕರಡು ಮಾತ್ರ. ಆಮೇಲೆ ಸ್ಟುಡಿಯೋದಲ್ಲಿ ಎಲ್ಲರೊಡನೆ ಹಾಡಿ ನೋಡಿದರೆ ಮನೆಯ ಕ್ಯಾಸೆಟ್ಟಿನಲ್ಲಿದ್ದ ಜೀವ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟಿನ ಹಾಡುಗಳೇ ಅದೇ ವರ್ಷ ‘ನೆಬ್ರಾಸ್ಕ’ ಎಂಬ ಹೆಸರಿನಲ್ಲಿ ಬಿಡುಗಡೆಯಾದವು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1982ರಲ್ಲಿ ಸಿ.ಡಿ. ಬಂತು. 1983ರಲ್ಲಿ ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ‘ಮಿಡಿ’ ಭಾಷೆ ಬಂತು. ಎ.ಆರ್. ರೆಹಮಾನ್ ಅವರು ಚೆನ್ನೈನ ತಮ್ಮ ಮನೆಯ ಹಿತ್ತಲಿನಲ್ಲಿ ಕಟ್ಟಿಕೊಂಡ ಸ್ಟುಡಿಯೋದಿಂದ 1992ರಲ್ಲಿ ‘ರೋಜಾ’ ಹಾಡುಗಳನ್ನು ಕೊಟ್ಟು ದೇಶವನ್ನೇ ತಿರುಗಿ ನೋಡುವಂತೆ ಮಾಡಿದರು. 2000ದಲ್ಲಿ ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶ ಬಂತು. ಲೆಸ್ ಪಾಲ್ ಅವರಿಗೆ 8 ಟ್ರ್ಯಾಕ್ ಕೊಡಲು ಒಂದು ಬೀರುವಿನಷ್ಟು ಯಂತ್ರ ಬೇಕಾಗಿತ್ತು. ನನ್ನ ಹಳೆಯ ಲ್ಯಾಪ್‌ಟಾಪ್ 40 ಟ್ರ್ಯಾಕನ್ನು ಸುಲಭವಾಗಿ ಎಳೆಯುತ್ತದೆ.

ನನ್ನ ಕೋಣೆ

ನನ್ನ ಕೋಣೆ 10 ಅಡಿ ಅಗಲ, 12 ಅಡಿ ಉದ್ದ. ಬರಿ ಗೋಡೆಗಳಿದ್ದರೆ ದನಿ ತಿರುಗಿ ಬಂದು ಕಿವಿಗೆ ಸುಳ್ಳು ಹೇಳುತ್ತದೆ. ಅದಕ್ಕೆ ಗೋಡೆಗೆ ಅಜ್ಜಿ ಹೊಲಿದ ಕೌದಿಗಳನ್ನು ತೂಗುಹಾಕಿದ್ದೇನೆ, ನೆಲಕ್ಕೆ ಜಮಖಾನ. ತಾಳದ ಕಿಣಿಕಿಣಿಯನ್ನು ಕೌದಿ ಹೀರಿಕೊಂಡಿತು. ಆದರೆ ಡೊಳ್ಳಿನ ಗುಂಯ್‌ಗುಡುವಿಕೆ ನಿಲ್ಲಲಿಲ್ಲ. ಏಕೆಂದು ತಿಳಿಯದೆ ಒದ್ದಾಡುತ್ತಿದ್ದಾಗ ನೆನಪಾದದ್ದು ನಮ್ಮ ವಿಜ್ಞಾನದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬರೆದ ಸೂತ್ರ: ವೇಗ = ಆವೃತ್ತಿ × ತರಂಗದೂರ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 100 ಹರ್ಟ್ಸ್ ನಾದದ ಒಂದು ಅಲೆ 3.4 ಮೀಟರ್ ಉದ್ದ, ಹೆಚ್ಚು ಕಡಿಮೆ ನನ್ನ ಕೋಣೆಯಷ್ಟೇ. ಅಷ್ಟುದ್ದದ ಅಲೆಯನ್ನು ಒಂದು ಬೆರಳು ದಪ್ಪದ ಕೌದಿ ಹೇಗೆ ತಡೆದೀತು? ಮೂಲೆಗಳಲ್ಲಿ ಹಳೆಯ ಹತ್ತಿಯ ಹಾಸಿಗೆಗಳನ್ನು ಸುತ್ತಿ ನಿಲ್ಲಿಸಿದ ಮೇಲೆ ಗುಡುಗು ತಗ್ಗಿತು. ಪರೀಕ್ಷೆಯಲ್ಲಿ 2 ಅಂಕಕ್ಕೆ ಬಾಯಿಪಾಠ ಮಾಡಿದ ಸೂತ್ರ ನನ್ನ ಅನ್ನದ ದಾರಿಗೆ ಬೇಕಾಗುತ್ತದೆಂದು ಆಗ ಅಂದುಕೊಂಡಿರಲಿಲ್ಲ.

ಕೆಲಸದ ಕ್ರಮ ಹೀಗೆ. ಮೊದಲು ಎಲ್ಲ ದನಿಗಳ ಮಟ್ಟ ಹೊಂದಿಸುತ್ತೇನೆ. ಹಾರ್ಮೋನಿಯಂ ಹಾಡುವವರ ದನಿಯ ಮೇಲೆಯೇ ಕೂರುತ್ತಿದ್ದರೆ ಅದನ್ನು ಸ್ವಲ್ಪ ಎಡಕ್ಕೆ, ತಬಲವನ್ನು ಸ್ವಲ್ಪ ಬಲಕ್ಕೆ ಸರಿಸಿ ನಡುವೆ ಜಾಗ ಮಾಡುತ್ತೇನೆ. ಒಂದು ಸಾಲಿನಲ್ಲಿ ಕೂಗಿ ಇನ್ನೊಂದರಲ್ಲಿ ಪಿಸುಗುಟ್ಟುವವರ ಏರಿಳಿತವನ್ನು ಕಂಪ್ರೆಸರ್‌ನಿಂದ ಹದಕ್ಕೆ ತರುತ್ತೇನೆ. ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್ ಎಲ್ಲಿ ನುಸುಳಿದೆ ಎಂದು ಹುಡುಕಿ ತೆಗೆಯುತ್ತೇನೆ. ಆಮೇಲೆ ಹೆಡ್‌ಫೋನ್ ಪಕ್ಕಕ್ಕಿಟ್ಟು, ಮೊಬೈಲಿನಲ್ಲಿ ಒಮ್ಮೆ, ಪರಿಚಯದ ಆಟೋದ ಸ್ಪೀಕರಿನಲ್ಲಿ ಒಮ್ಮೆ ಕೇಳುತ್ತೇನೆ. ಜನ ಕೇಳುವುದು ಅವುಗಳಲ್ಲೇ ತಾನೆ? ಕೊನೆಯ ತೀರ್ಪು ಅಡುಗೆಮನೆಯಿಂದ ಅಮ್ಮನದು.

ಈ ಕಸುಬಿನ ನಿಜವಾದ ಪಾಠ ಕಲಿತದ್ದು ಒಂದು ತಪ್ಪಿನಿಂದ. ಆರಂಭದ ದಿನಗಳಲ್ಲಿ ನಮ್ಮ ಸೀಮೆಯ ಒಂದು ಭಜನಾ ಮಂಡಳಿಯ ಪದಗಳನ್ನು ಮಿಕ್ಸ್ ಮಾಡಿದೆ. ಮುಂದಾಳು ಹಾಡುಗಾರರದು ಒಳ್ಳೆಯ ಕಂಠ. ಅವರನ್ನು ಎತ್ತಿ, ಹಿಮ್ಮೇಳದ 8 ಜನರನ್ನು ತೀರಾ ಕೆಳಗೆ ಇಳಿಸಿದೆ. ಸಿನಿಮಾ ಹಾಡಿನಂತೆ ನುಣ್ಣಗೆ ಬಂತು. ಮಂಡಳಿಯ ಹಿರಿಯರು ಕಣ್ಣುಮುಚ್ಚಿ ಪೂರ್ತಿ ಕೇಳಿದರು. “ಹಾಡೇನೋ ಚೆನ್ನಾಗೈತಪ್ಪ. ಆದ್ರೆ ನಮ್ಮೋರೆಲ್ಲ ಎಲ್ಲಿಗೋದ್ರು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಭಜನೆಯಲ್ಲಿ ಒಬ್ಬರು ಎತ್ತುವುದು ಎಲ್ಲರೂ ಹಿಡಿಯಲಿ ಎಂದೇ. ಹಿಡಿಯುವವರನ್ನೇ ಅಳಿಸಿದ ಮೇಲೆ ಅದು ಭಜನೆಯಲ್ಲ. ಟ್ರ್ಯಾಕುಗಳು ಬೇರೆ ಬೇರೆ ಇದ್ದುದರಿಂದ ತಿದ್ದಿಕೊಟ್ಟೆ. ಮಾತು ಮಾತ್ರ ಮನಸ್ಸಿನಲ್ಲೇ ಉಳಿಯಿತು.

ಬಾಗಿಲ ಹತ್ತಿರದ ಹುಡುಗಿ

ಈಗ ಮತ್ತೆ ಶಾಲೆಯ ಕ್ಯಾಸೆಟ್ಟಿಗೆ ಬರುತ್ತೇನೆ. ಅದರ ಟೇಪು ಅಂಟಿಕೊಂಡಿರಲಿಲ್ಲ, ಪುಣ್ಯ. ಕಂಪ್ಯೂಟರಿಗೆ ಇಳಿಸಿ ಕೇಳಿದೆ. ಸೀಟಿಯ ದನಿ, ಮೇಷ್ಟ್ರ ಕೆಮ್ಮು, ಆಮೇಲೆ ನಾವೆಲ್ಲ. ಎಲ್ಲರ ಹಿಂದಿನಿಂದ ಒಂದು ದನಿ ಉಳಿದವರನ್ನು ಮುಚ್ಚದೆ, ಎಲ್ಲರನ್ನೂ ಶ್ರುತಿಯಲ್ಲಿ ಹಿಡಿದುಕೊಂಡು ಬರುತ್ತದೆ. ಬಾಗಿಲ ಹತ್ತಿರ ನಿಂತವಳದು. ಅವಳು ಮುಂದಿದ್ದಿದ್ದರೆ ಆ ಮುದ್ರಣದಲ್ಲಿ ಅವಳೊಬ್ಬಳೇ ಇರುತ್ತಿದ್ದಳು. ಮೇಷ್ಟ್ರ ಲೆಕ್ಕ ಸರಿಯಾಗಿತ್ತು.

ಈಚೆಗೆ ಬೆರೆತ ದನಿಗಳನ್ನು ಬಿಡಿಸುವ ತಂತ್ರಾಂಶಗಳೂ ಬಂದಿವೆ. ಜಾನ್ ಲೆನನ್ ಅವರು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಒಂದು ಹಾಡಿನಲ್ಲಿ ಪಿಯಾನೋ ದನಿ ಕಂಠವನ್ನು ಮುಚ್ಚಿತ್ತು. ಯಂತ್ರಕ್ಕೆ ಕಲಿಸಿ ಎರಡನ್ನೂ ಬಿಡಿಸಿ, 2023ರ ನವೆಂಬರಿನಲ್ಲಿ ‘ನೌ ಅಂಡ್ ದೆನ್’ ಎಂದು ಬೀಟಲ್ಸ್ ತಂಡದ ಹೆಸರಿನಲ್ಲಿ ಹೊರತಂದರು. ನಾನೂ ನಮ್ಮ ಕ್ಯಾಸೆಟ್ಟಿನ ಮೇಲೆ ಅಂಥದೊಂದು ತಂತ್ರಾಂಶ ಹಾಕಿ ನೋಡಿದೆ. ಹಾರ್ಮೋನಿಯಂ ಬೇರೆಯಾಯಿತು, ಮಕ್ಕಳ ಕಂಠವೆಲ್ಲ ಒಂದು ರಾಶಿಯಾಗಿಯೇ ಉಳಿಯಿತು. ನಮ್ಮ ನಮ್ಮ ದನಿಯನ್ನು ಬಿಡಿಸಿಕೊಡಲು ಅದಕ್ಕೆ ಆಗಲಿಲ್ಲ. ಒಳ್ಳೆಯದೇ ಆಯಿತು ಎನ್ನಿಸಿತು. ಸೂಂ ಎನ್ನುವ ಟೇಪಿನ ಸದ್ದನ್ನು ಸ್ವಲ್ಪ ತಗ್ಗಿಸಿ, ಮೇಷ್ಟ್ರ ಕೆಮ್ಮನ್ನೂ ಸೇರಿಸಿ, ಇದ್ದಂತೆಯೇ ಉಳಿಸಿಕೊಂಡೆ.

ಆ ಹುಡುಗಿ ಎಸ್.ಎಸ್.ಎಲ್.ಸಿ. ನಂತರ ಓದಲಿಲ್ಲ, ಮದುವೆ ಮಾಡಿದರು. ಈಗ ನಮ್ಮ ಶಾಲೆಯಲ್ಲೇ ಬಿಸಿಯೂಟದ ಅಡುಗೆ ಮಾಡುತ್ತಾರೆ. ಹೆಸರು ಬರೆಯಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಮಕ್ಕಳ ಹಾಡು ಮುದ್ರಿಸಲು ಹೋದ ದಿನ ಅಡುಗೆ ಕೋಣೆಗೆ ಹೋಗಿ, ಮೊಬೈಲಿನಲ್ಲಿ ಹಳೆಯ ಹಾಡು ಹಾಕಿದೆ. ಸೌಟು ಕೈಯಲ್ಲೇ ಇತ್ತು. ಸುಮ್ಮನೆ ಕೇಳಿದರು. “ಮೇಷ್ಟ್ರು ನನ್ನ ಹಿಂದಕ್ಕೆ ತಳ್ಳಿದ್ರು, ನಿಮಗೆ ನೆಪ್ಪೈತಾ?” ಎಂದರು. ಒಟ್ಟಿಗೆ ಓದಿದವರು, ನೀನು ಅನ್ನಮ್ಮ ಎಂದೆ. ಅನ್ನಲಿಲ್ಲ. ಆಗ ನಾನು ಗೌಹರ್ ಜಾನ್ ಕಾಲದ ತುತ್ತೂರಿಯಿಂದ ಹಿಡಿದು, ದೊಡ್ಡ ದನಿಯವರನ್ನು ಏಕೆ ಹಿಂದೆ ನಿಲ್ಲಿಸುತ್ತಿದ್ದರು ಎಂಬುದನ್ನೆಲ್ಲ ಹೇಳಿದೆ. ಈ ಲೇಖನದ ಮೊದಲ ಕೇಳುಗರು ಅವರೇ. “ಹಂಗಾದ್ರೆ ಅದು ಶಿಕ್ಷೆ ಅಲ್ವಾ?” ಎಂದರು. ಅಲ್ಲ ಎಂದೆ. ಮೇಷ್ಟ್ರು ಈಗಿಲ್ಲ. ಇದ್ದಿದ್ದರೆ ಅವರ ಬಾಯಿಂದಲೇ ಕೇಳಿಸುತ್ತಿದ್ದೆ.

ಅವತ್ತು ಅವರು ಮಕ್ಕಳ ಜೊತೆ ಹಾಡಲು ಒಪ್ಪಿದರು. ಎಲ್ಲಿ ನಿಲ್ಲಲಿ ಎಂದು ಕೇಳದೆಯೇ ಕೊನೆಯ ಸಾಲಿನ ಕೊನೆಗೆ, ಬಾಗಿಲ ಹತ್ತಿರ ಹೋಗಿ ನಿಂತರು. ಈ ಸಲ ಅವರ ಮುಂದೆಯೂ ಒಂದು ಮೈಕ್ ಇತ್ತು.

ಮನೆಗೆ ಬಂದು ಮಿಕ್ಸ್ ಮಾಡುವಾಗ ಅವರ ದನಿಯನ್ನು ಎಲ್ಲರಿಗಿಂತ ಮೇಲೆ ಎತ್ತಿದೆ. ಇಷ್ಟು ವರ್ಷದ ಬಾಕಿ ತೀರಿಸುವ ಆಸೆ ನನ್ನದು. ಕೇಳಿಸಿದಾಗ ಅವರಿಗೆ ಹಿಡಿಸಲಿಲ್ಲ. “ಇದು ಮಕ್ಕಳ ಹಾಡು, ನನ್ನ ಇಳಿಸಿ. ಸಾರಿನಾಗೆ ಉಪ್ಪು ಜಾಸ್ತಿ ಅಂತ ಯಾರೂ ಅನ್ನಬಾರದು, ಇಲ್ಲ ಅಂತಲೂ ಅನ್ನಬಾರದು” ಎಂದರು. ಹಾಗೆಯೇ ಮಾಡಿದ್ದೇನೆ.

ಸುವರ್ಣ ಮಹೋತ್ಸವದ ದಿನ ಹಳೆಯ ಕ್ಯಾಸೆಟ್ಟಿನ ಹಾಡನ್ನೂ ಈಗಿನ ಹಾಡನ್ನೂ ಒಂದರ ಹಿಂದೆ ಒಂದು ಹಾಕಲು ಸಮಿತಿಯವರು ಒಪ್ಪಿದ್ದಾರೆ. ಹಿರಿಯ ವಿದ್ಯಾರ್ಥಿಗಳೇ, ಗುರುಗಳೇ, ಊರಿನ ಬಂಧುಗಳೇ, ಎರಡರಲ್ಲೂ ಹಿಂದಿನ ಸಾಲಿಗೆ ಸ್ವಲ್ಪ ಕಿವಿಗೊಡಿ. ನಮಗೆ ಸೂತ್ರ ಕಲಿಸಿದ ಗುರುಗಳಿಗೂ, ಎಲ್ಲಿ ನಿಲ್ಲಬೇಕೆಂದು ತೋರಿಸಿದ ಡ್ರಿಲ್ ಮೇಷ್ಟ್ರಿಗೂ ನನ್ನ ನಮಸ್ಕಾರ.